ಬಣ್ಣದ ಕಡ್ಡಿಯೊಳಗೆ ಬಣ್ಣವೆಷ್ಟು?

ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ಬಣ್ಣದ ಪೆನ್ಸಿಲ್ ಹಿಡಿಯುವವರು ಸಾಮಾನ್ಯವಾಗಿ ಮನೆಯ ಮಕ್ಕಳ ಡಬ್ಬಿಯಿಂದಲೇ ಶುರುಮಾಡುತ್ತಾರೆ. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಂದವರಾಗಲಿ, ಚಿಂತಾಮಣಿಯ ಮೇಷ್ಟರಾಗಲಿ, ಸಂಜೆ ಒಂದು ಗಂಟೆ ಬಣ್ಣ ಹಚ್ಚುತ್ತ ಕೂರುವ ಸುಖ ಒಂದೇ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದು ತೊಡಕು ಎದುರಾಗುತ್ತದೆ. ಎಷ್ಟು ಒತ್ತಿ ತಿಕ್ಕಿದರೂ ಬಣ್ಣ ಗಾಢವಾಗುವುದಿಲ್ಲ, ಕಾಗದ ಮಾತ್ರ ಮಿರಮಿರ ಹೊಳೆಯುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಹಚ್ಚಲು ಹೋದರೆ ಮೊನೆ ಜಾರುತ್ತದೆ. ಆಗ ಕಲಾವಿದರ ದರ್ಜೆಯ ಪೆನ್ಸಿಲ್ ಕಡೆ ಕಣ್ಣು ಹೋಗುತ್ತದೆ, ಬೆಲೆ ನೋಡಿ ಕೈ ಹಿಂದಕ್ಕೆ ಬರುತ್ತದೆ. ಅಲ್ಲಿ ಒಂದು ಕಡ್ಡಿಗೆ ಕೇಳುವ ಹಣಕ್ಕೆ ಶಾಲೆಯ ಮಕ್ಕಳ ಒಂದಿಡೀ ಡಬ್ಬಿ ಬರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುವ ಈ ಕಡ್ಡಿಗಳೊಳಗೆ ಅಂಥದ್ದೇನು ವ್ಯತ್ಯಾಸವಿದೆ?

ಕಡ್ಡಿಯೊಳಗಿನ ಶಾಸ್ತ್ರ ನಮಗೆ ಹೊಸದಲ್ಲ. ಬಸವಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೇ ಒಂದು ಭಾಗವಿದೆ. ಗೋಡೆಯ ಮೇಲೆ ಮೊದಲ ರೇಖೆ ಎಳೆಯಲು ಬಳಸುವ ‘ವರ್ತಿಕೆ’ ಎಂಬ ಕಡ್ಡಿಯನ್ನು ಮಾಡುವ ಕ್ರಮವನ್ನೂ ಅದು ಹೇಳುತ್ತದೆ: ದೀಪದ ಕಾಡಿಗೆಯನ್ನು ಬೆಂದ ಅನ್ನದೊಂದಿಗೆ ಮಿದ್ದು, ಬತ್ತಿಯಂತೆ ಹೊಸೆಯಬೇಕು. ಬಣ್ಣಕ್ಕೆ ಕಾಡಿಗೆ, ಹಿಡಿತಕ್ಕೆ ಅನ್ನದ ಗಂಜಿಯ ಅಂಟು. ಇಂದಿನ ಬಣ್ಣದ ಪೆನ್ಸಿಲ್ಲಿನ ಕಡ್ಡಿಯೂ ಮೂಲದಲ್ಲಿ ಇದೇ. ಅನ್ನದ ಪಿಷ್ಟದ ಜಾಗದಲ್ಲಿ ಅದರ ಹತ್ತಿರದ ಸಂಬಂಧಿಯಾದ ಸೆಲ್ಯುಲೋಸ್ ಅಂಟು ಬಂದಿದೆ, ಅಷ್ಟೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಿನಿಂದ ರೇಖೆ ಎಳೆಯುತ್ತಿದ್ದರು. ಬಣ್ಣಗಳನ್ನೂ ತಾವೇ ಅರೆದುಕೊಳ್ಳುತ್ತಿದ್ದರು. ತಾನು ಹಚ್ಚುವುದರಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಡಬ್ಬಿ ಕೊಳ್ಳುವ ನಮಗೂ ಅದು ಗೊತ್ತಿರಬೇಕು ಎಂಬುದೇ ಈ ಬರಹದ ಆಸೆ.

ಬಣ್ಣದ ಕಡ್ಡಿಯಲ್ಲಿ ನಾಲ್ಕು ಪದಾರ್ಥಗಳಿರುತ್ತವೆ. ಬಣ್ಣ ಕೊಡುವ ವರ್ಣದ್ರವ್ಯ. ಮೈ ತುಂಬಿಸುವ ಬಿಳಿ ಜೇಡಿ, ಟಾಲ್ಕ್‌ನಂಥ ಪುಡಿ. ಇವನ್ನು ಹಿಡಿದಿಡುವ ಅಂಟು. ಕಾಗದದ ಮೇಲೆ ಸಲೀಸಾಗಿ ಸವೆಯಲು ಮೇಣ ಅಥವಾ ಎಣ್ಣೆ. ಇದನ್ನೆಲ್ಲ ನೀರಿನಲ್ಲಿ ಕಲಸಿ, ನಾದಿ, ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದಂತೆ ಸಣ್ಣ ತೂತಿನಿಂದ ಒತ್ತಿ ತೆಗೆಯುತ್ತಾರೆ. ಆಮೇಲೆ ಒಣಗಿಸುತ್ತಾರೆ. ಸೀಸದ ಪೆನ್ಸಿಲ್ ಎಂದು ನಾವು ಕರೆಯುವ ಗ್ರಾಫೈಟ್ ಪೆನ್ಸಿಲ್ಲಿನ ಕಡ್ಡಿಯನ್ನು ಸುಮಾರು 1000 ಡಿಗ್ರಿಯ ಕುಲುಮೆಯಲ್ಲಿ ಬೇಯಿಸುತ್ತಾರೆ, ಆದ್ದರಿಂದ ಅದು ಮಡಕೆಯಂತೆ ಗಟ್ಟಿ. ಬಣ್ಣದ ಕಡ್ಡಿಯನ್ನು ಹಾಗೆ ಬೇಯಿಸಿದರೆ ಮೇಣವೂ ಸುಡುತ್ತದೆ, ಬಣ್ಣವೂ ಸುಡುತ್ತದೆ. ಹಸಿಯಾಗಿಯೇ ಉಳಿಯುವುದರಿಂದ ಅದು ಮೆತ್ತಗೆ, ಬಿದ್ದರೆ ಒಳಗೊಳಗೇ ಮುರಿಯುತ್ತದೆ. ಮೆಂಡರ್‌ಗೆ ಹಾಕಿದಾಗಲೆಲ್ಲ ಮೊನೆ ತುಂಡಾಗಿ ಉದುರುತ್ತಿದ್ದರೆ ಮೆಂಡರಿನ ಅಲಗನ್ನು ಬೈಯುವ ಮೊದಲು ಪೆನ್ಸಿಲ್ ಎಂದಾದರೂ ನೆಲಕ್ಕೆ ಬಿದ್ದಿತ್ತೇ ಎಂದು ನೆನಪಿಸಿಕೊಳ್ಳಿ.

ಬೆಲೆಯಲ್ಲಿ ಹೆಚ್ಚು ಪಾಲು ಮೊದಲ ಪದಾರ್ಥದ್ದು. ಒಳ್ಳೆಯ ವರ್ಣದ್ರವ್ಯ ದುಬಾರಿ, ಜೇಡಿ ಅಗ್ಗ. ಮಕ್ಕಳ ಪೆನ್ಸಿಲ್ಲಿನಲ್ಲಿ ಜೇಡಿಯ ಪಾಲು ಹೆಚ್ಚು, ಕಲಾವಿದರ ಪೆನ್ಸಿಲ್ಲಿನಲ್ಲಿ ಬಣ್ಣದ ಪಾಲು ಹೆಚ್ಚು. ಇದು ಮೋಸವಲ್ಲ. ಮಗು ಒತ್ತಿ ಗೀಚುತ್ತದೆ, ಕೆಳಗೆ ಬೀಳಿಸುತ್ತದೆ, ಬಾಯಿಗೂ ಇಡುತ್ತದೆ. ಅದಕ್ಕೆ ಬೇಕಿರುವುದು ಗಟ್ಟಿಯಾದ, ಅಗ್ಗದ, ಅಪಾಯವಿಲ್ಲದ ಕಡ್ಡಿ. ಆ ಕೆಲಸವನ್ನು ನಮ್ಮ ದೇಶದ ಶಾಲಾ ಪೆನ್ಸಿಲ್‌ಗಳು ಚೆನ್ನಾಗಿಯೇ ಮಾಡುತ್ತವೆ.

ಕಡ್ಡಿಯಲ್ಲಿ ನಿಜವಾದ ಬಣ್ಣ ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಡಬ್ಬಿಯಲ್ಲಿ ಯಾರೂ ಬಳಸದೆ ಉದ್ದವಾಗಿಯೇ ಉಳಿದಿರುವ ಬಿಳಿ ಪೆನ್ಸಿಲ್ಲನ್ನು ತೆಗೆದು ಕಪ್ಪು ಕಾಗದದ ಮೇಲೆ ತಿಕ್ಕಿ ನೋಡಿ. ಮಕ್ಕಳ ಡಬ್ಬಿಯದಾದರೆ ಮಸುಕಾದ ಬೂದು ಗೆರೆ ಕಂಡರೆ ಹೆಚ್ಚು. ಒಳ್ಳೆಯ ದರ್ಜೆಯದು ಹಾಲಿನಷ್ಟು ಬೆಳ್ಳಗೆ ಕೂರುತ್ತದೆ. ಜೇಡಿಯೂ ಬಿಳಿಯೇ ಅಲ್ಲವೇ, ಅದೇಕೆ ಕಾಣುವುದಿಲ್ಲ? ಬೆಳಕು ಒಂದು ಪದಾರ್ಥದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದನ್ನು ವಕ್ರೀಭವನ ಸೂಚ್ಯಂಕ ಎಂಬ ಸಂಖ್ಯೆ ಹೇಳುತ್ತದೆ. ಎರಡು ಪದಾರ್ಥಗಳ ಸಂಖ್ಯೆ ದೂರ ದೂರವಿದ್ದರೆ ಗಡಿಯಲ್ಲಿ ಬೆಳಕು ಚದುರುತ್ತದೆ, ಚದುರಿದ ಬೆಳಕು ನಮಗೆ ಬಿಳಿಯಾಗಿ ಕಾಣುತ್ತದೆ. ಗಾಳಿಯ ಸಂಖ್ಯೆ 1, ಜೇಡಿಯದು ಸುಮಾರು 1.56. ಆದ್ದರಿಂದ ಒಣ ಜೇಡಿ ಬೆಳ್ಳಗಿದೆ. ಆದರೆ ಕಡ್ಡಿಯಲ್ಲಿ ಜೇಡಿಯ ಸುತ್ತ ಇರುವುದು ಗಾಳಿಯಲ್ಲ, ಮೇಣ. ಮೇಣದ ಸಂಖ್ಯೆ ಸುಮಾರು 1.44. ಎರಡೂ ಇಷ್ಟು ಹತ್ತಿರವಿದ್ದರೆ ಬೆಳಕು ಹೆಚ್ಚು ಚದುರದೆ ನೇರ ಒಳಹೊಕ್ಕು ಕೆಳಗಿನ ಕಪ್ಪನ್ನೇ ತೋರಿಸುತ್ತದೆ. ಬೋಂಡ ಕಟ್ಟಿದ ಕಾಗದ ಎಣ್ಣೆ ಹೀರಿದ ಕಡೆ ಪಾರದರ್ಶಕವಾಗುವುದೂ ಇದೇ ಕಾರಣಕ್ಕೆ. ಒಳ್ಳೆಯ ಬಿಳಿ ಪೆನ್ಸಿಲ್ಲಿನಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ಸಂಖ್ಯೆ ಸುಮಾರು 2.7. ಮೇಣದೊಳಗೆ ಮುಳುಗಿದರೂ ಅದು ಬೆಳಕನ್ನು ಚದುರಿಸುತ್ತಲೇ ಇರುತ್ತದೆ. ಅಂಗಡಿಯಲ್ಲಿ ಹೊಸ ತಯಾರಕರ ಪೆನ್ಸಿಲ್ ಪರೀಕ್ಷಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಈಗ ಚಿಕ್ಕಬಳ್ಳಾಪುರ ಸೀಮೆಯವರಿಗೆ ಕಣ್ಣೆದುರೇ ಇರುವ ಒಂದು ಚಿತ್ರವಸ್ತುವನ್ನು ತೆಗೆದುಕೊಳ್ಳೋಣ: ಬೆಂಗಳೂರು ನೀಲಿ ದ್ರಾಕ್ಷಿ. ಅದರ ಬಣ್ಣ ನೀಲಿಯೂ ಅಲ್ಲ, ನೇರಳೆಯೂ ಅಲ್ಲ, ಕೆಂಪು ಎಲ್ಲೋ ಒಳಗಿಂದ ಇಣುಕುತ್ತದೆ, ಮೇಲೆ ತೆಳ್ಳನೆಯ ಬೂದಿಯಂಥ ಮೇಣದ ಹುಡಿ. ಒಂದೇ ನೇರಳೆ ಪೆನ್ಸಿಲ್ಲಿನಿಂದ ಒತ್ತಿ ತುಂಬಿದರೆ ಅದು ದ್ರಾಕ್ಷಿಯಾಗುವುದಿಲ್ಲ, ಗೋಲಿಯಾಗುತ್ತದೆ. ತೆಳುವಾಗಿ ಗುಲಾಬಿಗೆಂಪು, ಅದರ ಮೇಲೆ ನೀಲಿ, ಮತ್ತೆ ಕೆಂಪು, ಅಂಚಿಗೆ ಕಡುನೀಲಿ, ಹೀಗೆ ಪದರದ ಮೇಲೆ ಪದರ ಕೂರಿಸಬೇಕು. ಮೇಲಿನ ಪದರ ದಾಟಿ ಹೋದ ಬೆಳಕು ಕೆಳಗಿನದರಲ್ಲಿ ಇನ್ನಷ್ಟು ಸೋಸಿಕೊಂಡು, ಕಾಗದಕ್ಕೆ ಬಡಿದು, ಮತ್ತೆ ಎಲ್ಲ ಪದರಗಳನ್ನೂ ದಾಟಿ ಕಣ್ಣಿಗೆ ಬರುತ್ತದೆ. ಬಣ್ಣಗಳು ಬೆರೆಯುವುದು ಬಟ್ಟಲಿನಲ್ಲಲ್ಲ, ಬೆಳಕಿನ ಈ ಹೋಗಿಬರುವ ದಾರಿಯಲ್ಲಿ.

ಪದರ ಕೂರಲು ಕಾಗದದಲ್ಲಿ ಜಾಗ ಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಕಾಗದದ ಮೈ ಗುಡ್ಡ ಕಣಿವೆಗಳಿಂದ ತುಂಬಿದೆ. ಪೆನ್ಸಿಲ್ ಮೊದಲು ಗುಡ್ಡದ ನೆತ್ತಿಗಳಿಗೆ ಹತ್ತುತ್ತದೆ, ನಿಧಾನವಾಗಿ ಕಣಿವೆಗಿಳಿಯುತ್ತದೆ. ಕಣಿವೆ ತುಂಬಿದ ಮೇಲೆ ಸವೆಯಲು ಒರಟೇ ಉಳಿಯುವುದಿಲ್ಲ, ಮೊನೆ ಜಾರುತ್ತದೆ. ಬಣ್ಣ ಕಡಿಮೆಯಿರುವ ಕಡ್ಡಿಯಿಂದ ಗಾಢತೆ ತರಲು ಒತ್ತಲೇಬೇಕು. ಒತ್ತಿದರೆ ಎರಡೇ ಪದರಕ್ಕೆ ಕಣಿವೆಯೆಲ್ಲ ಜೇಡಿ ಮೇಣಗಳಿಂದ ತುಂಬಿಹೋಗುತ್ತದೆ. ಬಣ್ಣ ಹೆಚ್ಚಿರುವ ಕಡ್ಡಿ ತೇಲಿಸಿ ಹಚ್ಚಿದರೂ ಗುರುತು ಬಿಡುತ್ತದೆ, ಆದ್ದರಿಂದ ಹತ್ತು ಪದರಕ್ಕೂ ಜಾಗ ಉಳಿಯುತ್ತದೆ. ಕಾಗದವೇ ನುಣ್ಣಗಿದ್ದರೆ ಎಷ್ಟು ದುಬಾರಿ ಪೆನ್ಸಿಲ್ ಇದ್ದರೂ ಪ್ರಯೋಜನವಿಲ್ಲ. ಹಾಗಾಗಿ ಪೆನ್ಸಿಲ್ಲಿಗಿಂತ ಮೊದಲು ಕಾಗದ ಬದಲಿಸಿ ಎಂದೇ ನಾನು ಹೇಳುವುದು. ಸ್ವಲ್ಪ ತರಿಯಿರುವ, ದಪ್ಪನೆಯ, ಆಮ್ಲವಿಲ್ಲದ ಕಾಗದದ ಮೇಲೆ ಮಕ್ಕಳ ಪೆನ್ಸಿಲ್ ಕೂಡ ಹಿಂದೆಂದೂ ಕಾಣದಷ್ಟು ಚೆನ್ನಾಗಿ ಕೂರುತ್ತದೆ.

ಮೇಣದ ಕಡ್ಡಿಯೋ ಎಣ್ಣೆಯ ಕಡ್ಡಿಯೋ ಎಂಬ ಚರ್ಚೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಣ್ಣೆಯದು ಎನ್ನುವವುಗಳಲ್ಲೂ ಸಾಮಾನ್ಯವಾಗಿ ಮೇಣ ಇದ್ದೇ ಇರುತ್ತದೆ. ಮೇಣ ಹೆಚ್ಚಿದ್ದರೆ ಬೆಣ್ಣೆಯಂತೆ ಮೆತ್ತಗೆ ಹರಡುತ್ತದೆ, ಮೊನೆ ಬೇಗ ಮೊಂಡಾಗುತ್ತದೆ. ಎಣ್ಣೆಯ ಜಾತಿಯದು ಕೊಂಚ ಗಟ್ಟಿ, ಸೂಕ್ಷ್ಮ ಗೆರೆಗೆ ಒದಗುತ್ತದೆ. ಮೇಣ ಹೆಚ್ಚಿರುವ ಚಿತ್ರದ ಕಡುಬಣ್ಣಗಳ ಮೇಲೆ ಕೆಲವು ವಾರಗಳಲ್ಲಿ ಬಿಳಿ ಮಸುಕು ಕವಿಯುವುದುಂಟು. ಅದು ಬೂಷ್ಟಲ್ಲ, ಒಳಗಿನ ಮೇಣ ಮೇಲಕ್ಕೆ ಬಂದದ್ದು. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಡಬ್ಬಿ ಬಿಡಬೇಡಿ.

ಇನ್ನು ಉಳಿದದ್ದು ಬಾಳಿಕೆಯ ಪ್ರಶ್ನೆ. ನನ್ನ ಮಟ್ಟಿಗೆ ಹೆಚ್ಚು ಹಣ ಕೊಡಲು ಇದಕ್ಕಿಂತ ದೊಡ್ಡ ಕಾರಣವಿಲ್ಲ. ನಮ್ಮ ಊರುಗಳ ಗುಡಿಯ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ. ಆ ಕೆಂಪು ಮಳೆಗೆ ತೊಳೆದುಹೋಗಬಹುದು, ಬಿಸಿಲಿಗೆ ಮಾಸುವುದಿಲ್ಲ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಗೌರಿಬಿದನೂರಿನ ಹೊಲಗಳ ಕೆಂಪಿಗೂ ಅದೇ ಮೂಲ. ಕಬ್ಬಿಣ ಆಗಲೇ ಆಮ್ಲಜನಕದೊಂದಿಗೆ ಸೇರಿ ತುಕ್ಕಾಗಿ ಸ್ಥಿರವಾಗಿದೆ, ಬಿಸಿಲು ಅದಕ್ಕೆ ಇನ್ನೇನೂ ಮಾಡಲಾರದು. ಗೌರಿಬಿದನೂರಿನಿಂದ ಹಿಂದೂಪುರ ದಾಟಿದರೆ ಸಿಗುವ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ವಿಜಯನಗರದ ಕಾಲದ, 16ನೆಯ ಶತಮಾನದ ಚಾವಣಿ ಚಿತ್ರಗಳಿವೆ. ಅವುಗಳ ಕೆಂಪು, ಕಾವಿ, ಕಪ್ಪು ಇಂದಿಗೂ ಕಣ್ಣು ತುಂಬುತ್ತವೆ. ನೆರಳಿನಲ್ಲಿರುವುದು ಅವುಗಳಿಗೆ ಒದಗಿದ ರಕ್ಷಣೆ ನಿಜ, ಆದರೆ ಮಣ್ಣು, ಖನಿಜಗಳ ಬಣ್ಣ ಆರಿಸಿಕೊಂಡ ಚಿತ್ರಕಾರರ ತಿಳಿವಳಿಕೆಯೂ ಅಷ್ಟೇ ನಿಜ.

ಇಂಗಾಲದ ಸರಪಳಿಗಳಿಂದ ಆದ ಬಣ್ಣಗಳ ಕಥೆ ಬೇರೆ. ನೇರಳಾತೀತ ಬೆಳಕಿನ ಒಂದೊಂದು ಕಣದಲ್ಲಿರುವ ಶಕ್ತಿ ಎರಡು ಇಂಗಾಲದ ಪರಮಾಣುಗಳನ್ನು ಕಟ್ಟಿಹಾಕಿದ ಬಂಧದ ಶಕ್ತಿಗೆ ಸರಿಸುಮಾರು ಸಮ. ಅಣುವಿನ ರಚನೆ ದುರ್ಬಲವಾಗಿದ್ದರೆ ಬೆಳಕು ಅದನ್ನು ಮುರಿಯುತ್ತದೆ, ಅಣು ಮುರಿದಲ್ಲಿ ಬಣ್ಣ ಹೋಗುತ್ತದೆ. ಮಿಂಚುವ ಗುಲಾಬಿ, ಕೆಲವು ನೇರಳೆ ಬಣ್ಣಗಳು ಹೀಗೆ ಬೇಗ ಸೋಲುತ್ತವೆ. ಚೌಕಟ್ಟಿನ ಗಾಜು ಎಲ್ಲ ನೇರಳಾತೀತವನ್ನೂ ತಡೆಯುವುದಿಲ್ಲ. ಹಾಗೆಂದು ಇಂಗಾಲದ ಬಣ್ಣಗಳೆಲ್ಲ ದುರ್ಬಲವಲ್ಲ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ ಪಾತ್ರೆಯೊಂದರ ಒಳಲೇಪ ಬಿರುಕು ಬಿಟ್ಟು, ಬೇರೇನೋ ತಯಾರಿಸುವಾಗ ಕಡುನೀಲಿ ಪದಾರ್ಥವೊಂದು ಕಾಣಿಸಿಕೊಂಡಿತು. ಅದೇ ಬಳಗದ, ತಾಮ್ರ ಸೇರಿದ ಥ್ಯಾಲೋಸಯನಿನ್ ನೀಲಿ 1935ರಲ್ಲಿ ಮಾರುಕಟ್ಟೆಗೆ ಬಂತು. 1958ರಲ್ಲಿ ಡ್ಯೂಪಾಂಟ್ ಸಂಸ್ಥೆ ಮಾರಾಟಕ್ಕೆ ತಂದ ಕ್ವಿನಾಕ್ರಿಡೋನ್ ಕೆಂಪುಗಳು ಗುಲಾಬಿ ಛಾಯೆಗೂ ಬಾಳಿಕೆ ಕೊಟ್ಟವು. ನಮ್ಮ ದ್ರಾಕ್ಷಿಗೆ ಬೇಕಾದ ಎರಡು ಬಣ್ಣಗಳು ಇವೇ. ಬೇಗ ಮಾಸುವ ನೇರಳೆ ಪೆನ್ಸಿಲ್ಲೊಂದನ್ನು ನಂಬುವ ಬದಲು ಈ ಕೆಂಪಿನ ಮೇಲೆ ಈ ನೀಲಿ ಹಚ್ಚಿದರೆ ಬಣ್ಣವೂ ಜೀವಂತ, ಬಾಳಿಕೆಯೂ ಭದ್ರ.

ಬಣ್ಣದ ಪೆನ್ಸಿಲ್‌ಗಳ ಬಾಳಿಕೆ ಅಳೆಯಲೆಂದೇ ಎಎಸ್‌ಟಿಎಂ ಡಿ6901 ಎಂಬ ಮಾನದಂಡವಿದೆ. ಸ್ವಿಟ್ಜರ್ಲೆಂಡಿನ ಕಾರಾನ್ ದಾಶ್ ಸಂಸ್ಥೆಯ ‘ಲುಮಿನಾನ್ಸ್ 6901’ ಪೆನ್ಸಿಲ್ ಆ ಸಂಖ್ಯೆಯನ್ನೇ ಹೆಸರಿನಲ್ಲಿ ಇಟ್ಟುಕೊಂಡಿದೆ. ಜರ್ಮನಿಯ ಫೇಬರ್-ಕ್ಯಾಸ್ಟೆಲ್ 1908ರಿಂದ ತಯಾರಿಸುತ್ತಿರುವ ‘ಪಾಲಿಕ್ರೋಮೋಸ್’ ಪೆನ್ಸಿಲ್‌ಗಳ ಮೈಮೇಲೆ ನಕ್ಷತ್ರದ ಗುರುತಿರುತ್ತದೆ. ಮೂರು ನಕ್ಷತ್ರವೆಂದರೆ ಹೆಚ್ಚು ಬಾಳಿಕೆ, ಒಂದಾದರೆ ಕಡಿಮೆ. ದುಬಾರಿ ಡಬ್ಬಿಯ ಬಣ್ಣಗಳೆಲ್ಲ ಸಮನಾಗಿ ಬಾಳುವುದಿಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು.

ತಯಾರಕರ ಮಾತನ್ನೇ ನಂಬಬೇಕೆಂದಿಲ್ಲ, ನಮ್ಮ ಸೀಮೆಗೆ ಬಿಸಿಲಿನ ಬಡತನವಿಲ್ಲ. ನಿಮ್ಮಲ್ಲಿರುವ ಎಲ್ಲ ಪೆನ್ಸಿಲ್‌ಗಳಿಂದ ಒಂದೇ ಕಾಗದದ ಮೇಲೆ ಸಾಲಾಗಿ ಪಟ್ಟಿ ಬಳಿಯಿರಿ. ಪಕ್ಕದಲ್ಲಿ ಹೆಸರು, ದಿನಾಂಕ ಬರೆಯಿರಿ. ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಪಶ್ಚಿಮದ ಕಿಟಕಿಗೆ ಜನವರಿಯಲ್ಲಿ ಅಂಟಿಸಿ, ಯುಗಾದಿಯ ಹೊತ್ತಿಗೆ ರಟ್ಟು ತೆಗೆದು ನೋಡಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸ ಕಂಡ ಬಣ್ಣವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಗೋಡೆಗೆ ತೂಗುವ ಚಿತ್ರಕ್ಕೆ ಬೇಡ.

ಕೊಳ್ಳುವಾಗ 120 ಬಣ್ಣಗಳ ದೊಡ್ಡ ಡಬ್ಬಿಗೆ ಮನಸ್ಸು ಕೊಡಬೇಡಿ. ಒಳ್ಳೆಯ ತಯಾರಕರ ಪೆನ್ಸಿಲ್‌ಗಳು ಬಿಡಿಯಾಗಿಯೂ ಸಿಗುತ್ತವೆ. ಬೆಂಗಳೂರಿಗೆ ಹೋದಾಗ ಕಲಾಸಾಮಗ್ರಿಯ ಅಂಗಡಿಯಲ್ಲಿ ಕೈಯಾರೆ ಆರಿಸಿ ತನ್ನಿ. ಹಿಂಬದಿಯಿಂದ ನೋಡಿ, ಕಡ್ಡಿ ಮರದ ನಟ್ಟನಡುವೆ ಕೂತಿದೆಯೇ ಎಂದು ಪರೀಕ್ಷಿಸಿ. ಒಂದು ಪಕ್ಕಕ್ಕೆ ಸರಿದಿದ್ದರೆ ಮೆಂಡರ್‌ಗೆ ಹಾಕಿದಾಗ ಮೊನೆ ನಿಲ್ಲುವುದಿಲ್ಲ. ಒಂದು ಬಿಳಿ, ಒಂದು ಕಪ್ಪು, ಎರಡು ಹಳದಿ, ಎರಡು ಕೆಂಪು, ಎರಡು ನೀಲಿ, ಒಂದು ಹಸಿರು, ಕೆಮ್ಮಣ್ಣಿನದೂ ಕಾವಿಯದೂ ಒಂದೊಂದು, ಒಂದು ಕಡುಕಂದು. ಈ ಹನ್ನೆರಡರಿಂದ ಒಂದು ವರ್ಷ ಚಿತ್ರ ಬರೆಯಿರಿ. ಹದಿಮೂರನೆಯದು ಯಾವುದು ಬೇಕು ಎಂದು ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತದೆ.