ಮದರಾಸಿನ ಬಕ್ ಸಾಹೇಬರು

ನಮ್ಮ ವಾಚಕರಲ್ಲಿ ಮಂಗಳೂರು, ಉಡುಪಿ, ಕುಂದಾಪುರಗಳ ಕಡೆಯಿಂದ ಬಂದವರು ಬಹುಮಂದಿ. ಅವರ ಹಿರಿಯರು ಓದಿದ ಹೈಸ್ಕೂಲುಗಳಲ್ಲಿ ಕೊರಳಿಗೆ ಸೀಟಿ ತೂಗುಹಾಕಿಕೊಂಡ ಡ್ರಿಲ್ ಮಾಸ್ತರರೊಬ್ಬರು ಇರುತ್ತಿದ್ದರು. ಲೆಕ್ಕದ ಪಾಠ ಮುಗಿಯದಿದ್ದಲ್ಲಿ ಕಸಿದುಕೊಳ್ಳಲ್ಪಡುತ್ತಿದ್ದುದು ಈ ಬಡಪಾಯಿಯ ಗಂಟೆಯೇ. ಅವರು ಎಲ್ಲಿ ಏನು ಕಲಿತು ಬಂದವರೆಂದು ಯಾರೂ ವಿಚಾರಿಸುತ್ತಿರಲಿಲ್ಲ. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ ವ್ಯಾಯಾಮ ಶಿಕ್ಷಕರನ್ನು ಕ್ರಮವಾಗಿ ತರಬೇತುಗೊಳಿಸುವ ಕಾರ್ಯಕ್ಕೆ ತಳಹದಿ ಹಾಕಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ ಗೃಹಸ್ಥರು.

ಬಕ್ಕರು ಪೆನ್ಸಿಲ್ವೇನಿಯಾ ಪ್ರಾಂತದವರು, ಹುಟ್ಟಿದ್ದು 1884ರಲ್ಲಿ. ಕಲಿತದ್ದು ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ. ಬ್ಯಾಸ್ಕೆಟ್ ಬಾಲ್ ಆಟವು 1891ರಲ್ಲಿ ಜನ್ಮ ತಾಳಿದ್ದೂ ಅದೇ ಸಂಸ್ಥೆಯಲ್ಲಿ. ವೈ.ಎಂ.ಸಿ.ಎ.ಯ ಕಾರ್ಯಕ್ಕಾಗಿ ಭಾರತಕ್ಕೆ ಬಂದ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದರು. ಅದೇ ಮುಂದೆ ಕಾಲೇಜಾಗಿ ದೇಶದಲ್ಲೆಲ್ಲ ಹೆಸರಾಯಿತು.

ಆಗಿನ ಕಾಲದ ಶಾಲೆಗಳಲ್ಲಿ ವ್ಯಾಯಾಮವೆಂದರೆ ಕವಾಯತು. ಪಲ್ಟನ್ನಿನಿಂದ ಪಿಂಚಣಿ ಪಡೆದು ಬಂದ ಸಿಪಾಯಿಯೇ ಬಹುಕಡೆ ಅದರ ಗುರು. ಹುಡುಗರು ಸಾಲಾಗಿ ನಿಲ್ಲಬೇಕು, ಅವನು ಕೂಗಿದಂತೆ ಕೈಕಾಲು ಎತ್ತಬೇಕು. ಬಕ್ಕರಿಗೆ ಇದು ಸಮ್ಮತವಾಗಲಿಲ್ಲ. ಮಗು ಆಡುತ್ತ ಬೆಳೆಯಬೇಕು, ಆಡಿಸುವವನು ದೇಹದ ರಚನೆಯನ್ನೂ ಮನಸ್ಸಿನ ಸ್ವಭಾವವನ್ನೂ ಅರಿತವನಾಗಿರಬೇಕು ಎಂಬುದು ಅವರ ಪಕ್ಷ. ಪರದೇಶದವರಾದರೂ ಅವರು ಪರದೇಶದ ಆಟಗಳನ್ನೇ ನೆಚ್ಚಿ ಕುಳಿತವರಲ್ಲ. ನಮ್ಮ ದಂಡ, ಬೈಠಕ್ಕುಗಳಿಗೂ, ಖೋ ಖೋ, ಚೆಡುಗುಡುಗಳಿಗೂ ತಮ್ಮಲ್ಲಿ ಸ್ಥಾನವನ್ನಿತ್ತರು. ಚೆಡುಗುಡುವಿಗೆ ಬೇಕಾದುದು ಒಂದು ಗೆರೆ ಮತ್ತು ಒಂದು ಉಸಿರು ಮಾತ್ರ. ವಾರದ ರಜೆಯಲ್ಲಿ ಮುಂಬಯಿಯ ಮೈದಾನಗಳಿಗೆ ಬರುವ ನಮ್ಮ ಹೋಟೆಲಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಒಲಿಂಪಿಕ್ಸಿನ ಮಾತು. ಸರ್ ದೊರಾಬ್ಜಿ ಟಾಟಾರವರು ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಿನಿಂದ ಓಡುವ ರೈತಮಕ್ಕಳನ್ನು ಕಂಡು, 1920ರಲ್ಲಿ ಕೆಲವರನ್ನು ಆಂಟ್‌ವರ್ಪಿಗೆ ಕಳುಹಿಸಿದರು. ಅವರಲ್ಲೊಬ್ಬರಾದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಮ್ಯಾರಥಾನಿನಲ್ಲಿ 19ನೆಯವರಾಗಿ ಬಂದರು. ಕನ್ನಡ ನಾಡಿನವರು ಇವರ ಹೆಸರನ್ನು ಇಷ್ಟು ಬೇಗ ಮರೆಯಬಾರದಾಗಿತ್ತು. 1924ರಲ್ಲಿ ದಿಲ್ಲಿಯಲ್ಲಿ ಪಂದ್ಯಗಳು ನಡೆದು, ಆಯ್ಕೆಯಾದ ಓಟಗಾರರನ್ನೂ ನೆಗೆತದವರನ್ನೂ ಪ್ಯಾರಿಸಿಗೆ ಕರೆದೊಯ್ಯುವ ಭಾರವು ಬಕ್ಕರ ಮೇಲೆ ಬಿತ್ತು. ಪದಕ ಯಾವುದೂ ಬರಲಿಲ್ಲ. ಆದರೆ ಹಿಂದಿರುಗಿದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಅದೇ ಸಂಸ್ಥೆಯ ಡಾಕ್ಟರ್ ನೋಹ್ರೆನ್ನರೊಡನೆ ಪ್ರಾಂತ ಪ್ರಾಂತಗಳಿಗೆ ಸಂಚರಿಸಿ ಒಲಿಂಪಿಕ್ ಸಂಘಗಳನ್ನು ಕಟ್ಟುವ ಕೆಲಸಕ್ಕೆ ಹೆಗಲು ಕೊಟ್ಟರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಘವು ಏರ್ಪಟ್ಟಾಗ ಟಾಟಾರವರು ಅಧ್ಯಕ್ಷರಾದರು, ನೋಹ್ರೆನ್ನರು ಕಾರ್ಯದರ್ಶಿಗಳಾದರು. ಮರುವರ್ಷ ಅಧ್ಯಕ್ಷ ಪೀಠವು ಪಟಿಯಾಲದ ಮಹಾರಾಜರಿಗೆ ಹೋಯಿತು. ಸಂಘಗಳ ಗೋಡೆಯ ಫಲಕಗಳಲ್ಲಿ ಅರಸರ ಹೆಸರುಗಳೇ ಮೊದಲು ಬರುವುದು ನಮ್ಮಲ್ಲಿ ಹಳೆಯ ರೂಢಿ. ಊರೂರು ಅಲೆದವರ ಹೆಸರನ್ನು ಹುಡುಕಬೇಕಾಗುತ್ತದೆ.

ಬಕ್ಕರು ಹಿಂದಿರುಗಿದ್ದು ತಮ್ಮ ಕಾಲೇಜಿಗೇ. ಆಟಗಳ ನಿಯಮಗಳನ್ನೆಲ್ಲ ಒಂದೆಡೆ ಕೂಡಿಸಿ ಪುಸ್ತಕವನ್ನು ಅಚ್ಚುಹಾಕಿಸಿದರು. ಗೆರೆ ದಾಟಿತೋ ಇಲ್ಲವೋ ಎಂದು ಪ್ರತಿ ಸಂಜೆ ಜಗಳವಾಡುವ ದೇಶಕ್ಕೆ ಅದು ಸಣ್ಣ ಉಪಕಾರವಲ್ಲ. 1943ರಲ್ಲಿ ತೀರಿಕೊಳ್ಳುವವರೆಗೂ ಅವರೇ ಪ್ರಿನ್ಸಿಪಾಲರಾಗಿದ್ದರು.

ಕಾಲೇಜು ಈಗಲೂ ಚೆನ್ನೈಯ ನಂದನಂ ಬಡಾವಣೆಯಲ್ಲಿದೆ. ಅದರ ಬಯಲಿನಲ್ಲಿ ಪುಸ್ತಕ ಸಂತೆ ನೆರೆಯುವುದರಿಂದ ಆ ಊರಿನ ನಮ್ಮ ವಾಚಕರಲ್ಲಿ ಅನೇಕರು ಅಲ್ಲಿ ಕಾಲಿಟ್ಟಿರಲೂಬಹುದು.