ಹಾಸಿಗೆ ಒದ್ದೆಯಾಗುವುದು ಮಗುವಿನ ತಪ್ಪಲ್ಲ

ನಾರಾಯಣಪುರದಂತಹ ಹಳ್ಳಿಯ ಹುಡುಗನೊಬ್ಬ ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ವಿದ್ಯಾರ್ಥಿನಿಲಯ ಸೇರಲು ಹಿಂಜರಿಯುತ್ತಾನೆಂದುಕೊಳ್ಳಿ. ಮನೆಯವರು ಅದನ್ನು ಓದಿನ ಭಯವೆಂದು ತಿಳಿಯಬಹುದು. ಆದರೆ ಅವನ ಭಯ ಬೇರೆಯೇ ಇರಬಹುದು: ರಾತ್ರಿ ಕೌದಿ ಒದ್ದೆಯಾದರೆ ಗೆಳೆಯರು ನಕ್ಕಾರು!

ಐದು ವರ್ಷ ತುಂಬಿದ ಮೇಲೂ ನಿದ್ರೆಯಲ್ಲಿ ಪದೇ ಪದೇ ಮೂತ್ರ ಹೋಗುವುದಕ್ಕೆ ವೈದ್ಯರು ‘ಎನ್ಯುರೆಸಿಸ್’ ಎನ್ನುತ್ತಾರೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15, ಹತ್ತು ವರ್ಷದವರಲ್ಲಿ ಸುಮಾರು 5 ಮಕ್ಕಳಿಗೆ ಈ ತೊಂದರೆಯುಂಟು. ಹುಡುಗರಲ್ಲಿ ಇದು ಹೆಚ್ಚು.

ಇದಕ್ಕೆ ಕಾರಣವೇನು? ರಾತ್ರಿ ವಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಅದು ಸಾಲದು. ಕೆಲವರ ಮೂತ್ರಕೋಶ ಕಡಿಮೆ ಹಿಡಿಯುತ್ತದೆ; ಅದು ತುಂಬಿದರೂ ಎಚ್ಚರವಾಗುವುದಿಲ್ಲ. ತಂದೆಗೋ ತಾಯಿಗೋ ಬಾಲ್ಯದಲ್ಲಿ ಹೀಗಿದ್ದರೆ ಮಕ್ಕಳಲ್ಲಿಯೂ ಕಾಣುವ ಸಂಭವ ಹೆಚ್ಚು. ಮಲಬದ್ಧತೆಯಿಂದಲೂ ಮೂತ್ರಕೋಶದ ಮೇಲೆ ಒತ್ತಡ ಬೀಳುತ್ತದೆ.

ಆದ್ದರಿಂದ ಬೈಗುಳ, ಹೊಡೆತಗಳಿಂದ ಪ್ರಯೋಜನವಿಲ್ಲ. ಹಗಲಿನಲ್ಲಿ ಸಾಕಷ್ಟು ನೀರು ಕುಡಿಯಬೇಕು, ಮೂತ್ರ ತಡೆಹಿಡಿಯಬಾರದು. ಸಂಜೆಯ ಚಹಾ ಬಿಟ್ಟು, ಮಲಗುವ ಮುನ್ನ ಮೂತ್ರ ವಿಸರ್ಜಿಸಬೇಕು. ಒದ್ದೆಯಾದೊಡನೆ ಸದ್ದು ಮಾಡುವ ಅಲಾರಂ ಮತ್ತು ಡೆಸ್ಮೊಪ್ರೆಸಿನ್ ಔಷಧಿಗಳಿವೆ. ಇವನ್ನು ವೈದ್ಯರ ಸಲಹೆಯಂತೆ ಬಳಸಬೇಕು.

ಆರು ತಿಂಗಳಿಗೂ ಮೇಲೆ ನಿಂತಿದ್ದ ತೊಂದರೆ ಮರಳಿ ಬಂದರೆ ಮನೆಯಲ್ಲಿನ ಸಾವು, ಜಗಳ, ಊರು ಬಿಟ್ಟ ದುಃಖ ಕಾರಣವಾಗಿರಬಹುದು. ಉರಿಮೂತ್ರವಿದ್ದರೆ ಸೋಂಕು, ಅತಿಯಾದ ಬಾಯಾರಿಕೆಯೊಡನೆ ತೂಕ ಇಳಿದರೆ ಸಕ್ಕರೆ ಕಾಯಿಲೆ ಇರಬಹುದು. ಆಗ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ವಿದ್ಯಾರ್ಥಿಗಳೇ, ನಿಮ್ಮ ಕೊಠಡಿಯ ಗೆಳೆಯನಿಗೆ ಹೀಗಾದರೆ ಸುದ್ದಿ ಹಬ್ಬಿಸಬೇಡಿ. ಹಾಸಿಗೆ ಒಣಗಿಸಲು ನೆರವಾಗಿ. ವೈದ್ಯರ ಬಳಿ ಹೋಗಲು ಧೈರ್ಯ ಹೇಳಿ.