ಕ್ಷಯದ ಮಾತ್ರೆ ಎಲ್ಲಿ ಹೋಗಿ ಕೂರುತ್ತದೆ?

ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುವವರು ಎರಡು ತಿಂಗಳಾಗುತ್ತಲೇ ಕೇಳುವ ಪ್ರಶ್ನೆ: "ಕೆಮ್ಮು ನಿಂತಿದೆಯಲ್ಲ ಸಿಸ್ಟರ್, ಇನ್ನೂ ಏಕೆ ಮಾತ್ರೆ?" ಉತ್ತರ ರೋಗಾಣುವಿನ ಒಳಗಿದೆ.

ರೋಗಾಣು ಬದುಕುವುದು ತನ್ನ ಕಿಣ್ವಗಳಿಂದ. ನಾವು ತಿಂದ ಮುದ್ದೆ ಅರಗುವುದೂ ಕಿಣ್ವಗಳಿಂದಲೇ. ಕಿಣ್ವವೆಂದರೆ ಪ್ರೋಟೀನು. ಕೊಳ್ಳೇಗಾಲದವರಿಗೆ ಇದನ್ನು ಹೇಳುವುದು ಸುಲಭ, ರೇಷ್ಮೆ ಎಳೆಯೂ ಪ್ರೋಟೀನೇ. ಕಿಣ್ವದ ಎಳೆ ಮಾತ್ರ ಮಡಚಿಕೊಂಡು ಉಂಡೆಯಾಗಿರುತ್ತದೆ. ಉಂಡೆಯಲ್ಲಿರುವ ಗುಳಿಯೊಳಗೆ ಔಷಧಿ ಸರಿಯಾಗಿ ಕೂತರೆ ಅದರ ಕೆಲಸ ನಿಲ್ಲುತ್ತದೆ.

ಆ ಗುಳಿ ನಮ್ಮ ಸೂಕ್ಷ್ಮದರ್ಶಕಕ್ಕೆ ಕಾಣದು. ಆದ್ದರಿಂದ ಕಿಣ್ವವನ್ನು ಹರಳುಗಟ್ಟಿಸುತ್ತಾರೆ. ಜಾತ್ರೆಯಿಂದ ತರುವ ಕಲ್ಲುಸಕ್ಕರೆ ನೆನಪಿಸಿಕೊಳ್ಳಿ. ಗಟ್ಟಿ ಪಾಕವನ್ನು ಅಲುಗಾಡಿಸದೆ ಬಿಟ್ಟರೆ ಸಕ್ಕರೆಯ ಕಣಗಳು ಸಾಲುಗಟ್ಟಿ ಹರಳಾಗುತ್ತವೆ. ಕಿಣ್ವ ಇನ್ನೂ ನಾಜೂಕು. ಶುದ್ಧ ಕಿಣ್ವದ ಪುಟ್ಟ ಹನಿಯನ್ನು ಗಾಜಿನ ಬಿಲ್ಲೆಗೆ ತೂಗುಬಿಟ್ಟು, ಕೆಳಗೆ ಗಟ್ಟಿ ಉಪ್ಪುನೀರಿಟ್ಟು, ಗಾಳಿಯಾಡದಂತೆ ಮುಚ್ಚುತ್ತಾರೆ. ಹನಿಯ ನೀರು ನಿಧಾನವಾಗಿ ಆವಿಯಾಗಿ ಕೆಳಗಿನ ಉಪ್ಪುನೀರಿಗೆ ಸೇರುತ್ತದೆ. ದಿನಗಳೋ ವಾರಗಳೋ ಕಳೆದು ಸಾಸಿವೆಗಿಂತ ಚಿಕ್ಕ ಹರಳು ಬರಬಹುದು. ಎಷ್ಟೋ ಸಲ ಬರೀ ಗಸಿ. ಹರಳಿನ ಮೇಲೆ ಕ್ಷ-ಕಿರಣ ಹಾಯಿಸಿದಾಗ ಮೂಡುವ ಚುಕ್ಕೆಗಳಿಂದ ಲೆಕ್ಕ ಹಾಕಿ ಕಿಣ್ವದ ಆಕಾರ ತಿಳಿಯುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ. ವಿಜಯನ್ (1941-2022), ಪ್ರೊ. ಕೆ. ಮುನಿಯಪ್ಪ ಮತ್ತು ಸಂಗಡಿಗರು ಕ್ಷಯದ ರೋಗಾಣುವಿನ 'ರೆಕ್-ಎ' ಎಂಬ ಪ್ರೋಟೀನಿನ ಆಕಾರವನ್ನು ಹೀಗೆಯೇ ಕಂಡು 2000ರಲ್ಲಿ ಪ್ರಕಟಿಸಿದರು. ರೋಗಾಣುವಿನ ಡಿಎನ್‌ಎ ತುಂಡಾದರೆ ಅದನ್ನು ರಿಪೇರಿ ಮಾಡುವುದು ಇದೇ. ಇದನ್ನು ತಡೆಯುವ ಮಾತ್ರೆ ಇನ್ನೂ ಬಂದಿಲ್ಲ. ಹರಳಿನಿಂದ ಮಾತ್ರೆಗೆ ಎಪ್ಪತ್ತೇಳು ಮಲೆ ದಾಟಿದಷ್ಟು ದೂರ.

ಇನ್ನು ನಿಮ್ಮ ಮಾತ್ರೆ. ಮೂತ್ರಕ್ಕೆ ಕಿತ್ತಳೆ ಬಣ್ಣ ತರುವ ರಿಫಾಂಪಿಸಿನ್ ಕೂರುವುದು 'ಆರ್‌ಎನ್‌ಎ ಪಾಲಿಮರೇಸ್' ಎಂಬ ಕಿಣ್ವದಲ್ಲಿ. ಎಲ್ಲಿ ಎಂಬುದನ್ನು 2001ರಲ್ಲಿ ಇನ್ನೊಂದು ಬ್ಯಾಕ್ಟೀರಿಯಾದ ಕಿಣ್ವದ ಹರಳು ತೋರಿಸಿಕೊಟ್ಟಿತು. ಕೋಟಿಗಟ್ಟಲೆ ರೋಗಾಣುಗಳಲ್ಲಿ ಕೆಲವಕ್ಕೆ ಆ ಜಾಗ ತುಸು ಬದಲಾಗಿರುತ್ತದೆ, ರಿಫಾಂಪಿಸಿನ್ ಅಲ್ಲಿ ಕೂರದು. ಅಂಥವನ್ನು ಕೊಲ್ಲಲೆಂದೇ ಜೊತೆಗೆ ಬೇರೆ ಔಷಧಿಗಳಿರುವುದು. ಕೆಮ್ಮು ನಿಂತ ಮೇಲೂ ಮಲಗಿದಂತಿರುವ ರೋಗಾಣುಗಳು ಉಳಿದಿರುತ್ತವೆ. ನಡುವೆ ಬಿಟ್ಟುಬಿಟ್ಟು ನುಂಗಿದರೆ ಬದಲಾದ ರೋಗಾಣುಗಳೇ ಉಳಿದು ಹೆಚ್ಚಬಹುದು, ಮನೆಯ ಮಕ್ಕಳಿಗೂ ಅವೇ ಹರಡಬಹುದು. ಕಫದ ಸಿಬಿನ್ಯಾಟ್, ಟ್ರೂನ್ಯಾಟ್ ಪರೀಕ್ಷೆಗಳಲ್ಲಿ ಈ ಬದಲಾವಣೆಯನ್ನೂ ಹುಡುಕುತ್ತಾರೆ.

ಹನೂರು, ಯಳಂದೂರು ಕಡೆಯಿಂದ ಕೂಲಿಗೆ ಬೇರೆ ಊರಿಗೆ ಹೋಗುವವರು ಹೊರಡುವ ಮುನ್ನವೇ ನಮಗೆ ತಿಳಿಸಿರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಗಳನ್ನು ಉಚಿತವಾಗಿ ಮುಂದುವರಿಸಬಹುದು.